ನಾಲ್ಕು ಸ್ಟಿಕ್, 20 ಅಡಿ ಮರ: ಯಾವ ಏಡರ್ ಹಾಕಲಿ?

ಓದುಗರ ಪ್ರಶ್ನೆ: ನಾನು ದಾವಣಗೆರೆ ಕಡೆಯವನು. ಎಂಟು ವರ್ಷದಿಂದ ಮಿಶಿಗನ್‌ನಲ್ಲಿದ್ದೇನೆ. ಎರಡು ಸೀಸನ್ ನೆಲದ ಮೇಲೆ ಕೂತೇ ಬಿಲ್ಲುಬೇಟೆ ಮಾಡಿದೆ, ಈ ವರ್ಷ ಮರದ ಮೇಲೆ ಕೂರಲು ಸ್ಯಾಡಲ್ ಕೊಂಡಿದ್ದೇನೆ. 20 ಇಂಚಿನ ಕ್ಲೈಂಬಿಂಗ್ ಸ್ಟಿಕ್ ನಾಲ್ಕಿವೆ. ಅವುಗಳಿಂದ ಹನ್ನೊಂದು, ಹನ್ನೆರಡು ಅಡಿಗಿಂತ ಮೇಲೆ ಹೋಗಲಾಗುತ್ತಿಲ್ಲ. ನನಗೆ 20 ಅಡಿ ಬೇಕು. ನಾಲ್ಕೂ ಸ್ಟಿಕ್‌ಗೆ ಮೂರು ಮೆಟ್ಟಿಲಿನ ಏಡರ್ (ಸ್ಟಿಕ್ ಕೆಳಗೆ ತೂಗುವ, ಕಾಲಿಡುವ ಕುಣಿಕೆ) ತರಿಸಿಬಿಡಲೇ? ನನ್ನ ಎತ್ತರ 5 ಅಡಿ 6 ಇಂಚು, ತೂಕ 175 ಪೌಂಡ್. ಹೋಗುವುದು ಸರ್ಕಾರಿ ಕಾಡಿಗೆ. ಮನೆಯವಳಿಗೆ ಈ ಮರ ಹತ್ತುವ ವಿಚಾರವೇ ಭಯ.

ಉತ್ತರ:

ತರಿಸಬೇಡಿ. ಮೊದಲನೇ ಸ್ಟಿಕ್‌ಗೆ ಎರಡು ಮೆಟ್ಟಿಲಿನದು ಒಂದು, ಉಳಿದ ಮೂರಕ್ಕೆ ಒಂದೊಂದೇ ಮೆಟ್ಟಿಲಿನದು. ನಿಮ್ಮ ಎತ್ತರಕ್ಕೆ, ನಿಮ್ಮ ಸ್ಟಿಕ್‌ಗೆ ಇಷ್ಟು ಸಾಕು. ಯಾಕೆ ಎಂದು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಏಡರ್ ಆರಿಸುವಾಗ ಎಲ್ಲರೂ ಮರದ ಎತ್ತರ ನೋಡುತ್ತಾರೆ, ತಮ್ಮ ಕೈ ಎಲ್ಲಿಯವರೆಗೆ ಎಟಕುತ್ತದೆ ಎಂದು ನೋಡುವುದಿಲ್ಲ. ನಾನೂ ಮೊದಲ ವರ್ಷ ಹಾಗೆಯೇ ಮಾಡಿದ್ದೆ.

ಈ ಬೇಟೆಯ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯನ್ನು ಬಿಲ್ಲಿನಿಂದ ಬೇಟೆಯಾಡುವವರು ಬಹುಪಾಲು ಮರದ ಮೇಲಿಂದಲೇ ಆಡುತ್ತಾರೆ. ಸ್ಯಾಡಲ್ ಎಂದರೆ ಸೊಂಟಕ್ಕೂ ತೊಡೆಗೂ ಹಾಕಿಕೊಳ್ಳುವ ಬಟ್ಟೆಯ ಜೋಲಿ. ಅದರ ಮುಂದಿನ ಹಗ್ಗವನ್ನು ಮರಕ್ಕೆ ಬಿಗಿದ ಟೆದರ್ ಎಂಬ ಹಗ್ಗಕ್ಕೆ ಸಿಕ್ಕಿಸಿ, ಕಾಲ ಕೆಳಗೆ ಎರಡು ಪಾದ ಊರುವಷ್ಟೇ ಅಗಲದ ಪ್ಲಾಟ್‌ಫಾರ್ಮ್ ಇಟ್ಟುಕೊಂಡು, ಮರದ ಕಡೆ ಮುಖ ಮಾಡಿ ಒರಗಿ ನಿಲ್ಲುವುದು ಅಥವಾ ಕೂರುವುದು. ಅಲ್ಲಿಯವರೆಗೆ ಹತ್ತಲು ಸ್ಟಿಕ್ ಬೇಕು: ಒಂದು ಅಲ್ಯೂಮಿನಿಯಂ ಕೊಳವೆ, ಮರಕ್ಕೆ ಕಚ್ಚಿಕೊಳ್ಳುವ ಎರಡು ಕವೆ, ಮೇಲೊಂದು ಕೆಳಗೊಂದು ಮೆಟ್ಟು, ನಡುವೆ ಮರಕ್ಕೆ ಸುತ್ತುವ ಪಟ್ಟಿ ಅಥವಾ ಹಗ್ಗ. ಏಣಿಯನ್ನು ತುಂಡು ತುಂಡು ಮಾಡಿ ಬೆನ್ನಿಗೆ ಹಾಕಿಕೊಂಡು ಹೋದ ಹಾಗೆ. ಹೋದ ದಿನವೇ ಹತ್ತಿ, ಹೋದ ದಿನವೇ ಬಿಚ್ಚಿಕೊಂಡು ಬರಬಹುದು, ಮರಕ್ಕೆ ಗಾಯವಿಲ್ಲ. ಮಿಶಿಗನ್‌ನ ಸರ್ಕಾರಿ ಕಾಡಿನಲ್ಲಿ ತೊಗಟೆ ತೂರುವ ಸ್ಕ್ರೂ ಮೆಟ್ಟುಗಳನ್ನು ಬಳಸುವಂತೆಯೇ ಇಲ್ಲ. ಅಲ್ಲಿ ಸ್ಟಿಕ್‌ಗೆ ಇಷ್ಟು ಬೇಡಿಕೆ ಬರಲು ಅದೂ ಒಂದು ಕಾರಣ.

ಏಡರ್ ಎಂದರೆ ಆ ಸ್ಟಿಕ್‌ನ ಕೆಳ ಮೆಟ್ಟಿಗೆ ತೂಗುಹಾಕುವ ಕುಣಿಕೆ. ಇದು ಬಂಡೆ ಹತ್ತುವವರಿಂದ ಬಂದ ಸಾಮಾನು. 1958ರಲ್ಲಿ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ 'ನೋಸ್' ದಾರಿಯನ್ನು ವಾರೆನ್ ಹಾರ್ಡಿಂಗ್ ತಂಡ ಮೊದಲ ಬಾರಿ ಹತ್ತಿದ್ದು ಬಿರುಕಿಗೆ ಮೊಳೆ ಹೊಡೆದು, ಅದಕ್ಕೆ ನೇತುಹಾಕಿದ ಆಸರೆಗಳ ಮೇಲೆ ಕಾಲಿಟ್ಟು. ಫ್ರೆಂಚರು ಇಂಥ ಕುಣಿಕೆ ಏಣಿಯನ್ನು ಎತ್ರಿಯೆ ಎನ್ನುತ್ತಾರೆ, ಅಂದರೆ ಕುದುರೆ ಜೀನಿನ ರಿಕಾಪು. ನಮ್ಮ ಭಾಷೆಯಲ್ಲಿ ಏಡರ್‌ಗೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆದಿಲ್ಲ. ರಿಕಾಪಿನಲ್ಲಿ ಕಾಲು ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಕುದುರೆ ಸವಾರರಿಗೆ ಎಷ್ಟು ಮುಖ್ಯವೋ ಇಲ್ಲಿಯೂ ಅಷ್ಟೇ ಮುಖ್ಯ.

ಈಗ ಲೆಕ್ಕಕ್ಕೆ ಬರೋಣ. 20 ಇಂಚಿನ ಸ್ಟಿಕ್‌ನಲ್ಲಿ ಎರಡು ಮೆಟ್ಟಿನ ನಡುವಿನ ಅಂತರ ಸುಮಾರು 17 ಇಂಚು ಎಂದಿಟ್ಟುಕೊಳ್ಳಿ. ಒಂದು ಸಲಕ್ಕೆ ಹಾಯಾಗಿ ಎತ್ತಬಹುದಾದ ಹೆಜ್ಜೆಯೂ ಅಷ್ಟೇ. ಭಾರದ ಬೂಟು, ದಪ್ಪ ಪ್ಯಾಂಟು, ಬೆನ್ನಿಗೆ ಬಿಲ್ಲು ಇರುವಾಗ ಅದಕ್ಕಿಂತ ಹೆಚ್ಚು ಎತ್ತಿದರೆ ಮೊಣಕಾಲು ಹೇಳುತ್ತದೆ. ನೆಲದಿಂದ 18 ಇಂಚಿಗೆ ಮೊದಲ ಮೆಟ್ಟು ಬರಲಿ. ಏಡರ್ ಇಲ್ಲದೆ ನಾಲ್ಕು ಸ್ಟಿಕ್ ಹಾಕಿದರೆ ಕೊನೆಯ ಮೆಟ್ಟು 137 ಇಂಚಿಗೆ, ಅಂದರೆ ಹನ್ನೊಂದೂವರೆ ಅಡಿಗೆ ನಿಲ್ಲುತ್ತದೆ. ನಿಮ್ಮ ಅನುಭವವೂ ಅದೇ. ನಾಲ್ಕಕ್ಕೂ ಎರಡು ಮೆಟ್ಟಿಲಿನ ಏಡರ್ ಹಾಕಿದರೆ 273 ಇಂಚು, ಹೆಚ್ಚುಕಡಿಮೆ 23 ಅಡಿ. ನೀವು ಕೇಳಿದ ಮೂರು ಮೆಟ್ಟಿಲಿನದನ್ನು ನಾಲ್ಕಕ್ಕೂ ಹಾಕಿದರೆ 341 ಇಂಚು. 28 ಅಡಿ ದಾಟಿತು. ನಿಮಗೆ ಬೇಕಾದದ್ದು 20 ತಾನೆ? ನಾನು ಹೇಳಿದ ಹಾಗೆ ಮೊದಲನೆಯದಕ್ಕೆ ಎರಡು, ಉಳಿದವಕ್ಕೆ ಒಂದೊಂದು ಹಾಕಿದರೆ: ಮೊದಲ ಸ್ಟಿಕ್‌ನ ತುದಿ 69 ಇಂಚು, ಆಮೇಲೆ ಪ್ರತಿ ಸ್ಟಿಕ್‌ಗೆ 51 ಇಂಚು, ಒಟ್ಟು 222 ಇಂಚು. ಹದಿನೆಂಟೂವರೆ ಅಡಿ. ಪ್ಲಾಟ್‌ಫಾರ್ಮನ್ನು ಅದಕ್ಕಿಂತ ಒಂದು ಗೇಣು ಮೇಲೆ ಕಟ್ಟುತ್ತೀರಿ, ಅಲ್ಲಿಗೆ 19 ಅಡಿ ಆಯಿತು.

20 ಅಡಿಯೇ ಬೇಕೆಂಬ ಹಟವನ್ನೂ ಸ್ವಲ್ಪ ಬಿಡಿ ಎಂದು ಕೇಳಿಕೊಳ್ಳುತ್ತೇನೆ. ಎತ್ತರ ಹೆಚ್ಚಿದಷ್ಟೂ ಬಾಣ ಕಡಿದಾಗಿ ಇಳಿಯುತ್ತದೆ. 19 ಅಡಿಯ ಪ್ಲಾಟ್‌ಫಾರ್ಮಿನಿಂದ 10 ಗಜ ದೂರದ ಜಿಂಕೆಗೆ ಬಾಣದ ಓಟ ಸುಮಾರು 35 ಡಿಗ್ರಿ. 28 ಅಡಿಯಿಂದಾದರೆ 45 ಡಿಗ್ರಿ. ಅಷ್ಟು ಕಡಿದಾದ ಬಾಣ ಒಂದೇ ಶ್ವಾಸಕೋಶವನ್ನು ತೂರಿ ಹೊರಬರುವ ಸಂಭವ ಜಾಸ್ತಿ, ಹಾಗಾದರೆ ಪ್ರಾಣಿ ಬಹಳ ದೂರ ಓಡಿ ನರಳಿ ಸಾಯುತ್ತದೆ. ನನಗೆ ಅದು ಸಹಿಸದು. ಜಿಂಕೆಯ ಕಣ್ಣಿಗೆ ಬೀಳದಿರಲು ಎತ್ತರಕ್ಕಿಂತ ಬೆನ್ನ ಹಿಂದಿನ ಕೊಂಬೆ-ಎಲೆ ಹೆಚ್ಚು ಕೆಲಸ ಮಾಡುತ್ತದೆ. ಕವಲೊಡೆದ ಓಕ್ ಮರದಲ್ಲಿ 14 ಅಡಿಗೆ ಕೂತು ಬೇಟೆಯಾಡಿದ ದಿನಗಳೂ ನನಗಿವೆ.

ಎತ್ತರದ ಲೆಕ್ಕ ಆಯಿತು. ನಿಮ್ಮ ಪ್ರಶ್ನೆಯ ನಿಜವಾದ ತಿರುಳು ಕೈ ಎಟಕುವ ಲೆಕ್ಕದಲ್ಲಿದೆ. ನೀವು ಕೆಳಗಿನ ಸ್ಟಿಕ್‌ನ ಮೇಲಿನ ಮೆಟ್ಟಿನಲ್ಲಿ ನಿಂತಿದ್ದೀರಿ, ಲೈನ್‌ಮನ್ ಬೆಲ್ಟಿಗೆ (ಸೊಂಟದಿಂದ ಹೊರಟು ಮರವನ್ನು ಸುತ್ತಿ ಬರುವ ಹಗ್ಗ) ಒರಗಿದ್ದೀರಿ, ಮುಂದಿನ ಸ್ಟಿಕ್ ಕಟ್ಟಬೇಕು. ಒಂದು ಮೆಟ್ಟಿಲಿನ ಏಡರ್ ಇದ್ದರೆ ಆ ಸ್ಟಿಕ್‌ನ ಪಟ್ಟಿ ನಿಮ್ಮ ಪಾದದಿಂದ ಸುಮಾರು 43 ಇಂಚಿಗೆ ಬರುತ್ತದೆ, ಎದೆಯ ಕೆಳಗೆ. ಎರಡು ಕೈಯಿಂದ ಎಳೆದು ಬಿಗಿಯಬಹುದು, ಬಕಲ್ ಕಣ್ಣಿಗೆ ಕಾಣುತ್ತದೆ. ಎರಡು ಮೆಟ್ಟಿಲಿನದಾದರೆ 60 ಇಂಚು, ನಿಮ್ಮ ಕಣ್ಣಿನ ಮಟ್ಟ. ಆಗುತ್ತದೆ, ಆದರೆ ಭುಜ ದಣಿಯುತ್ತದೆ. ಮೂರಾದರೆ 77 ಇಂಚು. 5 ಅಡಿ 6 ಇಂಚಿನ ಮನುಷ್ಯನ ನೆತ್ತಿಗಿಂತ 11 ಇಂಚು ಮೇಲೆ! ಕತ್ತಲಲ್ಲಿ, ಚಳಿಯಲ್ಲಿ, ತಲೆಯ ಮೇಲೆ ಕೈ ಚಾಚಿ ಪಟ್ಟಿ ಬಿಗಿಯುವ ಕ್ಯಾಮ್ ಬಕಲ್ ಎಳೆಯುವಾಗ ಅದು ಪೂರ್ತಿ ಬಿಗಿಯಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಸರಿಯಾಗಿ ಬಿಗಿಯಾಗದ ಸ್ಟಿಕ್ ಭಾರ ಬಿದ್ದಾಗ ಒಂದೆರಡು ಇಂಚು ಜಾರಿ ಆಮೇಲೆ ಕಚ್ಚುತ್ತದೆ, ಇಲ್ಲವೇ ಕಚ್ಚುವುದೇ ಇಲ್ಲ. ಇಳಿಯುವಾಗ ಇನ್ನೂ ಕಷ್ಟ. ಅದೇ ಸ್ಟಿಕ್ಕನ್ನು ಕೆಳಗಿನಿಂದ ಬಿಚ್ಚಬೇಕು. ಪಟ್ಟಿ ಸಡಿಲವಾದ ಕ್ಷಣ ಎರಡು ಪೌಂಡಿನ ಲೋಹ ನಿಮ್ಮ ಮುಖದ ಕಡೆಗೇ ಬರುತ್ತದೆ.

ಹಾಗಾದರೆ ಮೊದಲ ಸ್ಟಿಕ್‌ಗೆ ಎರಡು ಮೆಟ್ಟಿಲು ಯಾಕೆ ಸರಿ ಎಂದು ಕೇಳಬಹುದು. ಅದನ್ನು ಕಟ್ಟುವಾಗ ನೀವು ನೆಲದ ಮೇಲೆ ಗಟ್ಟಿಯಾಗಿ ನಿಂತಿರುತ್ತೀರಿ. ಎರಡು ಕೈಯೂ ಬಿಡುವಾಗಿರುತ್ತವೆ. ಕಟ್ಟಿದ ಮೇಲೆ ನಿಮ್ಮ ಪೂರ್ತಿ ಭಾರವನ್ನು ಅದರ ಮೇಲೆ ಜಗ್ಗಿ ನೋಡಬಹುದು. ಏಡರ್‌ನಲ್ಲಿ ಕಾಲು ತಪ್ಪಿದರೂ ಬೀಳುವುದು ಎರಡು, ಮೂರು ಅಡಿ. ಇನ್ನೊಂದು ಲೆಕ್ಕ ನೋಡಿ: ಉಳಿದ ಸ್ಟಿಕ್‌ಗಳಿಗೆ ಏನೂ ಹಾಕದೆ ಬರೀ ಮೊದಲನೆಯದಕ್ಕೆ ಈ ಎರಡು ಮೆಟ್ಟಿಲು ಹಾಕಿದರೆ 171 ಇಂಚು ಸಿಗುತ್ತದೆ. ಏಡರ್ ಇಲ್ಲದ ಐದು ಸ್ಟಿಕ್ ಹೊತ್ತರೂ ಅಷ್ಟೇ 171 ಇಂಚು. ಅಂಗೈಯಲ್ಲಿ ಹಿಡಿಸುವ ಒಂದು ಪಟ್ಟಿ ಒಂದು ಸ್ಟಿಕ್‌ನ ಹೊರೆ ಉಳಿಸುತ್ತದೆ. ಸರ್ಕಾರಿ ಕಾಡಿನಲ್ಲಿ ಒಂದು ಮೈಲಿ ನಡೆಯುವವರಿಗೆ ಇದರ ಬೆಲೆ ಗೊತ್ತು. ಮೇಲೆ ತೂಗುವ ಕುಣಿಕೆಯಲ್ಲಿ ಕಾಲಿಡಲು ಧೈರ್ಯ ಬಾರದವರು, ವಯಸ್ಸಾದವರು, ಮೊಣಕಾಲು ನೋವಿನವರು ಇಷ್ಟಕ್ಕೇ ನಿಲ್ಲಿಸಿದರೂ ಏನೂ ಕಡಿಮೆಯಾಗುವುದಿಲ್ಲ. 14 ಅಡಿ ಒಳ್ಳೆಯ ಎತ್ತರ.

ತೂಗುವ ಕುಣಿಕೆಯಲ್ಲಿ ಕಾಲಿಟ್ಟರೆ ಏನಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಸ್ಟಿಕ್‌ನ ಮೆಟ್ಟು ಮರದಿಂದ ನಾಲ್ಕೈದು ಇಂಚು ಹೊರಗಿರುತ್ತದೆ. ಏಡರ್ ಅಲ್ಲಿಂದ ತೂಗುತ್ತದೆ. ನೀವು ಕಾಲಿಟ್ಟು ಮೇಲೇಳಲು ಹೋದಾಗ ಪಾದ ಮರದ ಕಡೆಗೆ ಜಾರುತ್ತದೆ, ಸೊಂಟ ಹಿಂದಕ್ಕೆ ಹೋಗುತ್ತದೆ, ತೂಕವೆಲ್ಲ ಕೈಗೆ ಬೀಳುತ್ತದೆ. ಉಯ್ಯಾಲೆಯ ಹಗ್ಗ ಉದ್ದವಾದಷ್ಟೂ ತೂಗಾಟ ದೊಡ್ಡದು, ಹಾಗೆಯೇ ಏಡರ್ ಉದ್ದವಾದಷ್ಟೂ ಈ ಜಾರಾಟ ಜಾಸ್ತಿ. ಒಂದು ಮೆಟ್ಟಿಲಿನಲ್ಲಿ ಅದು ಗಮನಕ್ಕೇ ಬರುವುದಿಲ್ಲ. ಮೂರು ಮೆಟ್ಟಿಲಿನ ತಳದಲ್ಲಿ ಕಾಲಿಟ್ಟರೆ ಮೊದಲ ಸಲ ಎಲ್ಲರೂ ಬೆಚ್ಚುತ್ತಾರೆ. ಮದ್ದು ಇಷ್ಟೆ: ಬೂಟಿನ ಮೂತಿಯನ್ನು ಮರಕ್ಕೆ ತಾಗಿಸಿ ಇಟ್ಟುಕೊಳ್ಳಿ, ಸೊಂಟವನ್ನು ಮರದ ಹತ್ತಿರ ಹಿಡಿಯಿರಿ, ಕಾಲನ್ನು ಮುಂದಕ್ಕೆ ಒದೆಯದೆ ನೆಟ್ಟಗೆ ಕೆಳಕ್ಕೆ ತುಳಿಯಿರಿ. ಕೈ ಸ್ಟಿಕ್‌ನ ಮೇಲ್ಭಾಗದಲ್ಲಿರಲಿ.

ಇನ್ನೊಂದು ಅಪಾಯ ಪಕ್ಕಕ್ಕೆ ಎಳೆಯುವುದು. ಏಡರನ್ನು ಮೆಟ್ಟಿನ ಒಂದು ತುದಿಗೆ ಸಿಕ್ಕಿಸಿದರೆ ಭಾರ ನಡುವಿನಿಂದ ತಪ್ಪಿ ಬೀಳುತ್ತದೆ, ಸ್ಟಿಕ್ ಮರದ ಸುತ್ತ ತಿರುಗಲು ನೋಡುತ್ತದೆ. ಸಣ್ಣ ಸುತ್ತಳತೆಯ ನುಣುಪು ಮರದಲ್ಲಿ, ಬೀಚ್ ಮರದಂಥದರಲ್ಲಿ, ಇದು ಬೇಗ ಆಗುತ್ತದೆ. ಆದ್ದರಿಂದ ಕುಣಿಕೆಯನ್ನು ಮೆಟ್ಟಿನ ತುದಿಗೆ ಬೇಡ, ನಡುಕೊಳವೆಗೇ ಹಾಕಿ. ಕೆಳ ಮೆಟ್ಟಿಗೂ ಕೆಳಗಿನ ಕವೆಗೂ ನಡುವೆ ಜಾಗವಿದ್ದರೆ ಅದು ಎಲ್ಲಕ್ಕಿಂತ ಉತ್ತಮ. ಆ ಜಾಗದಲ್ಲಿ ಲೋಹದ ಅಂಚು ಹರಿತವಾಗಿದೆಯೇ ಎಂದು ಬೆರಳಾಡಿಸಿ ನೋಡಿ, ಇದ್ದರೆ ಅರ ಹಾಕಿ ಉಜ್ಜಿ. ಸ್ಟಿಕ್ ಕಟ್ಟಿದ ಮೇಲೆ ಕಾಲಿಡುವ ಮುಂಚೆ ಅದನ್ನು ಕೆಳಕ್ಕೆ ಜಗ್ಗಿ ಕವೆಯ ಹಲ್ಲು ತೊಗಟೆಗೆ ಕೂರುವಂತೆ ಮಾಡುವುದನ್ನು ಎಂದೂ ಬಿಡಬೇಡಿ. ಮರ ವಾಲಿದ್ದರೆ ವಾಲಿನ ಮೇಲ್ಮೈಯಲ್ಲಿ ಹತ್ತಿ. ಕೆಳಗಿನ ಮುಖದಲ್ಲಿ ಹತ್ತಿದರೆ ಏಡರ್ ಗಾಳಿಯಲ್ಲಿ ತೂಗುತ್ತದೆ, ಬೂಟಿನ ಮೂತಿಗೆ ಮರವೇ ಸಿಗುವುದಿಲ್ಲ.

ಇನ್ನು ಯಾವುದರಿಂದ ಮಾಡಿದ್ದು ಕೊಳ್ಳಬೇಕು. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ, ಯಾಕೆಂದರೆ ಒಂದು ಸಂಜೆ ಇದರಿಂದಲೇ ನೆಲಕ್ಕೆ ಬೀಳುವುದರಲ್ಲಿದ್ದೆ. ನಾಲ್ಕನೇ ಸೀಸನ್, ನವೆಂಬರ್ ನಡುಭಾಗ, ಮಿಶಿಗನ್‌ನ ಮನಿಸ್ಟೀ ಕಾಡು. ಮಧ್ಯಾಹ್ನ ಮಳೆ ಹನಿಯಿತು, ಸಂಜೆಗೆ ಹೆಪ್ಪುಗಟ್ಟುವ ಚಳಿ. ನನ್ನ ಏಡರ್ ನಾನೇ ಬೇಸಿಗೆಯಲ್ಲಿ ಮೆತ್ತನೆಯ ನೈಲಾನ್ ಪಟ್ಟಿಯಲ್ಲಿ ಮಾಡಿದ್ದು. ನೆನೆದ ಪಟ್ಟಿ ಚಪ್ಪಟೆಯಾಗಿ ಮಡಚಿಕೊಂಡು ಹಾಗೆಯೇ ಮರಗಟ್ಟಿತ್ತು. ಕತ್ತಲಲ್ಲಿ ಇಳಿಯುವಾಗ ಕಾಲು ಕುಣಿಕೆಯ ಬಾಯಿಯನ್ನು ಹುಡುಕುತ್ತಲೇ ಇತ್ತು. ಸಿಕ್ಕಿತು ಎಂದುಕೊಂಡು ಭಾರ ಹಾಕಿದೆ. ನಾನು ತುಳಿದಿದ್ದು ಕುಣಿಕೆಯ ಒಳಗಲ್ಲ, ಮಡಚಿದ ಪಟ್ಟಿಯ ಅಂಚನ್ನು. ಕಾಲು ಜಾರಿತು, ಗದ್ದ ತೊಗಟೆಗೆ ಬಡಿಯಿತು, ಲೈನ್‌ಮನ್ ಬೆಲ್ಟ್ ಹಿಡಿದುಕೊಂಡಿತು. 12 ಅಡಿ ಎತ್ತರದಲ್ಲಿ ಮರವನ್ನು ತಬ್ಬಿಕೊಂಡು ಕೆಲವು ನಿಮಿಷ ಸುಮ್ಮನೆ ನಿಂತಿದ್ದೆ. ಮನೆಗೆ ಬಂದು ಆ ನಾಲ್ಕೂ ಏಡರ್‌ಗಳನ್ನು ಕತ್ತರಿಸಿ ಹಾಕಿದೆ.

ಅಂದಿನಿಂದ ನಾನು ನೋಡುವ ಮೊದಲ ಗುಣ ಒಂದೇ: ಬಾಯಿ ತೆರೆದೇ ಇರಬೇಕು. ಕಣ್ಣು ಮುಚ್ಚಿ ಕಾಲು ಚಾಚಿದರೆ ಸಿಗಬೇಕು. ಗಟ್ಟಿಯಾದ ಪಟ್ಟಿಯನ್ನು ಎರಡು ಪದರ ಹೊಲಿದು ಮಾಡಿದ ಏಡರ್‌ಗಳು ಹೀಗೆ ನಿಲ್ಲುತ್ತವೆ. ಹಗ್ಗದ ಏಡರ್ ಆದರೆ ಕಾಲಿಡುವ ಜಾಗಕ್ಕೆ ರಬ್ಬರ್ ಅಥವಾ ಪ್ಲಾಸ್ಟಿಕ್ ಕೊಳವೆ ಏರಿಸಿರಬೇಕು. ಉಕ್ಕಿನ ತಂತಿಯ ಏಡರ್‌ಗಳು ಚೆನ್ನಾಗಿ ತೆರೆದು ನಿಲ್ಲುತ್ತವೆ, ಆದರೆ ತಂತಿಗೆ ಕೊಳವೆಯ ಹೊದಿಕೆ ಇಲ್ಲದಿದ್ದರೆ ಸ್ಟಿಕ್‌ಗೆ ತಾಗಿ ಟಣ್ ಎನ್ನುತ್ತವೆ. ಆ ಒಂದು ಸದ್ದಿಗೆ ಬೆಳಗಿನ ಬೇಟೆ ಮುಗಿದುಹೋಗಬಹುದು. ತಂತಿಯ ಎಳೆ ಒಂದೆರಡು ತುಂಡಾದರೂ ಅದನ್ನು ಎಸೆಯಬೇಕು.

ಬಲದ ವಿಚಾರದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳುವಂಥದ್ದಿಲ್ಲ. ಬಂಡೆ ಹತ್ತುವವರು ಬಳಸುವ ಒಂದು ಇಂಚಿನ ಕೊಳವೆ ನೇಯ್ಗೆಯ ನೈಲಾನ್ ಪಟ್ಟಿ ಸುಮಾರು 4,000 ಪೌಂಡ್ ತಡೆಯುತ್ತದೆ. 7/64 ಇಂಚಿನ ಆಮ್‌ಸ್ಟೀಲ್ ಎಂಬ ಸಿಂಥೆಟಿಕ್ ಹಗ್ಗ, ನೋಡಲು ಶೂ ಲೇಸಿನಷ್ಟೇ ಇದ್ದರೂ, ಸರಾಸರಿ 1,600 ಪೌಂಡ್ ತಡೆಯುತ್ತದೆ. ಹೆಚ್ಚಿನ ಸ್ಟಿಕ್‌ಗಳಿಗೆ ತಯಾರಕರು ಹೇಳುವ ಮಿತಿ 300 ಪೌಂಡ್. ನೀವು, ಬಟ್ಟೆ, ಬೂಟು, ಬಿಲ್ಲು, ಚೀಲ ಎಲ್ಲ ಸೇರಿ 215 ಆದೀತು. ಆದರೆ ನೈಲಾನ್, ಆಮ್‌ಸ್ಟೀಲ್ ಎರಡರ ಸ್ವಭಾವ ಬೇರೆ ಬೇರೆ. ನೈಲಾನ್ ನೀರು ಹೀರುತ್ತದೆ, ಸ್ವಲ್ಪ ಹಿಗ್ಗುತ್ತದೆ, ನೆನೆದಾಗ ಬಲವೂ ತುಸು ತಗ್ಗುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಆಮ್‌ಸ್ಟೀಲ್ ನೀರು ಹೀರುವುದಿಲ್ಲ, ಚಳಿಗೆ ಮರಗಟ್ಟುವುದಿಲ್ಲ, ಆದರೆ ಎಣ್ಣೆ ಸವರಿದಂತೆ ಜಾರುತ್ತದೆ. ಅದಕ್ಕೆ ಸಾಮಾನ್ಯ ಗಂಟು ಹಾಕಿದರೆ ಭಾರ ಬಿದ್ದಾಗ ಜಾರಿ ಬಿಚ್ಚಿಕೊಳ್ಳಬಹುದು. ಹಗ್ಗದ ತುದಿಯನ್ನು ಹಗ್ಗದೊಳಗೇ ತೂರಿಸಿ ಹೆಣೆಯಬೇಕು. ಆ ಹೆಣಿಗೆ ಬಾರದಿದ್ದರೆ ಹೆಣೆದದ್ದನ್ನೇ ಕೊಳ್ಳಿ. ಬಿಸಿಗೂ ಅದು ಸೂಕ್ಷ್ಮ, 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ಹಾಗಾಗಿ ಉಜ್ಜಾಟ ಆಗುವ ಜಾಗಕ್ಕೆ ಹಾಕಬೇಡಿ.

ಬೇಡವೇ ಬೇಡ ಎನ್ನುವಂಥವು ಕೆಲವಿವೆ. ಪ್ಯಾರಾಕಾರ್ಡ್ ಎಂಬ ಸಪೂರ ನೈಲಾನ್ ಹಗ್ಗ ಬೇಡ. ಅದರ ಬಲ 550 ಪೌಂಡ್ ಎಂದು ಬರೆದಿರುತ್ತಾರೆ, ಗಂಟು ಹಾಕಿದಾಗ ಅದೂ ಉಳಿಯುವುದಿಲ್ಲ, ಮೇಲಾಗಿ ಬೂಟಿನ ಅಡಿಯನ್ನು ಕೊರೆಯುತ್ತದೆ. ಸಾಮಾನು ಬಿಗಿಯುವ ಪಟ್ಟಿಯನ್ನು ಮನೆಯ ಹೊಲಿಗೆ ಯಂತ್ರದಲ್ಲಿ ಹೊಲಿದುಕೊಳ್ಳುವುದೂ ಬೇಡ. ಹೊಲಿಗೆ ಎಷ್ಟು ಭಾರ ತಡೆಯುತ್ತದೆಂದು ಮನೆಯಲ್ಲಿ ಅಳೆಯುವ ದಾರಿಯಿಲ್ಲ. ನೀವೇ ಮಾಡಿಕೊಳ್ಳುವುದಿದ್ದರೆ ಒಂದು ಇಂಚಿನ ಕೊಳವೆ ಪಟ್ಟಿ ಐದಾರು ಅಡಿ ತಂದು, ಬಂಡೆ ಹತ್ತುವವರು ವಾಟರ್ ನಾಟ್ ಎನ್ನುವ ಗಂಟನ್ನು ಹಾಕಿ, ಬಾಲ ಮೂರು ಇಂಚಾದರೂ ಬಿಡಿ. ಆ ಗಂಟು ದಿನ ಕಳೆದಂತೆ ತಾನಾಗಿ ಸಡಿಲವಾಗುವ ಜಾತಿಯದು, ಪ್ರತಿ ಸಲ ಹತ್ತುವ ಮುನ್ನ ಬಾಲ ಎಷ್ಟು ಉಳಿದಿದೆ ಎಂದು ನೋಡಲೇಬೇಕು. ಕಾಲಿಡುವ ಭಾಗಕ್ಕೆ ಹಳೆಯ ಗಾರ್ಡನ್ ಹೋಸ್‌ನ ತುಂಡು ಏರಿಸಿದರೆ ಬಾಯಿ ತೆರೆದು ನಿಲ್ಲುತ್ತದೆ.

ಕುಣಿಕೆಯ ಅಗಲವನ್ನು ನವೆಂಬರ್ ಬೂಟು ಹಾಕಿಕೊಂಡು ಅಳೆಯಿರಿ. ಆಗಸ್ಟಿನಲ್ಲಿ ಸ್ನೀಕರ್ ಹಾಕಿ ಅಳೆದ ಕುಣಿಕೆಗೆ ಚಳಿಗಾಲದ ದಪ್ಪ ಬೂಟು ಹೋಗುವುದೇ ಇಲ್ಲ. ಹಾಗೆಂದು ತೀರಾ ಅಗಲವೂ ಬೇಡ. ಬೂಟಿನ ಅಗಲಕ್ಕಿಂತ ಒಂದು ಇಂಚು ಹೆಚ್ಚಿದ್ದರೆ ಸಾಕು. ಪಾದದ ನಡುಭಾಗ, ಹಿಮ್ಮಡಿಯ ಮುಂದಿನ ತಗ್ಗು, ಕುಣಿಕೆಯ ಮೇಲೆ ಕೂರಬೇಕು. ಇಡೀ ಬೂಟೇ ನುಗ್ಗಿ ಕಣಕಾಲಿಗೆ ಸಿಕ್ಕಿಕೊಳ್ಳುವಷ್ಟು ದೊಡ್ಡದಾದರೆ ಅದು ಉರುಳು. ಕಾಲು ತಪ್ಪಿದಾಗ ಬಿಡಿಸಿಕೊಳ್ಳಲಾಗದೆ ತಲೆಕೆಳಗಾಗುವ ಅಪಾಯ ಅಲ್ಲಿದೆ. ಸವಾರ ಬಿದ್ದಾಗ ರಿಕಾಪಿಗೆ ಕಾಲು ಸಿಕ್ಕಿ ಕುದುರೆ ಎಳೆದುಕೊಂಡು ಹೋಗುವ ಅಪಾಯ ಇದರದೇ ಅಣ್ಣ.

ಪ್ರತಿ ಸ್ಟಿಕ್‌ಗೂ ಒಂದೊಂದು ಕಾಯಂ ಏಡರ್ ಇರಬೇಕೆ, ಅಥವಾ ಒಂದನ್ನೇ ಕೊಕ್ಕೆಯಿಂದ ಸಿಕ್ಕಿಸಿ, ಮೇಲೆ ಹೋದಂತೆ ಕೊಂಡೊಯ್ಯಬೇಕೆ? ಎರಡನೆಯ ಪದ್ಧತಿಯವರು ತೂಕ ಉಳಿಯುತ್ತದೆ ಎನ್ನುತ್ತಾರೆ. ಉಳಿಯುವುದು ಕೆಲವೇ ಔನ್ಸ್. ಅದಕ್ಕಾಗಿ ಪ್ರತಿ ಸ್ಟಿಕ್‌ನಲ್ಲೂ ಬಗ್ಗಿ ಬಿಚ್ಚಿ ಮತ್ತೆ ಸಿಕ್ಕಿಸುವ ಕೆಲಸ, ಪ್ರತಿ ಸಲವೂ ಕೊಕ್ಕೆ ಸರಿಯಾಗಿ ಕೂತಿದೆಯೇ ಎಂಬ ಅನುಮಾನ. ಇಳಿಯುವಾಗ ಅದನ್ನು ಕೆಳಗಿನ ಸ್ಟಿಕ್‌ಗೆ ಮೊದಲೇ ಸಿಕ್ಕಿಸಲು ಮರೆತರೆ ಕಾಲು ಖಾಲಿ ಗಾಳಿಯಲ್ಲಿ. ಹೊಸಬರಿಗೆ ಕಾಯಂ ಏಡರ್ರೇ ಸರಿ. ಕೊಕ್ಕೆಯ ಏಡರ್ ಒಂದನ್ನು ಜೇಬಿನಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ ಎಂದು ಮಾತ್ರ ಹೇಳುತ್ತೇನೆ, ಅದು ಹತ್ತಲು ಅಲ್ಲ. ಪ್ಲಾಟ್‌ಫಾರ್ಮಿನಿಂದ ಕಾಲು ಜಾರಿ ಸ್ಯಾಡಲ್‌ನಲ್ಲಿ ಜೋತುಬಿದ್ದರೆ, ಟೆದರ್‌ಗೆ ಪ್ರೂಸಿಕ್ ಗಂಟಿನ (ಭಾರ ಬಿದ್ದಾಗ ಬಿಗಿದು ಹಿಡಿಯುವ ಗಂಟು) ಹಗ್ಗ ಹಾಕಿ ಅದಕ್ಕೆ ಈ ಏಡರ್ ಸಿಕ್ಕಿಸಿ, ಅದರಲ್ಲಿ ನಿಂತು ಮೇಲೇಳಬಹುದು. ಬಹಳ ಹೊತ್ತು ಅಲುಗಾಡದೆ ಜೋತಾಡುವುದು ರಕ್ತ ಸಂಚಾರಕ್ಕೆ ಒಳ್ಳೆಯದಲ್ಲ. ಆಗ ಕಾಲಿಗೊಂದು ಆಸರೆ ಬೇಕೇ ಬೇಕು.

ಒಂದೇ ಸ್ಟಿಕ್, ಉದ್ದದ ಹಗ್ಗ, ಮೂರು ಮೆಟ್ಟಿಲಿನ ಏಡರ್ ಇಟ್ಟುಕೊಂಡು ಹತ್ತಿ, ಹಗ್ಗದಲ್ಲಿ ಜಾರಿ ಇಳಿಯುವ ಪದ್ಧತಿಯೂ ಇದೆ. ನೀವು ನೋಡಿದ ಮೂರು ಮೆಟ್ಟಿಲಿನ ಏಡರ್‌ಗಳು ಬಹುಶಃ ಆ ಪದ್ಧತಿಯವರಿಗೆಂದೇ ಮಾಡಿದವು. ಅವರು ಪ್ರತಿ ಹಂತದಲ್ಲೂ ಟೆದರ್‌ಗೆ ಪೂರ್ತಿ ಭಾರ ಕೊಟ್ಟು ಕೂತು, ಸ್ಟಿಕ್ಕನ್ನು ಎತ್ತಿ ಮೇಲೆ ಕಟ್ಟುತ್ತಾರೆ. ಅದರ ಕ್ರಮವೇ ಬೇರೆ. ಎರಡು ಸೀಸನ್ ಸ್ಯಾಡಲ್‌ನಲ್ಲಿ ಕಳೆದ ಮೇಲೆ ಯೋಚಿಸಿ.

ನಮ್ಮ ಕಡೆಯವರು ಕೇಳುವ ಒಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ. ನಾನು ಶಿರಸಿ ಕಡೆಯವನು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಎರಡು ಪಾದಕ್ಕೂ ತಳೆ ಎಂಬ ಬಳೆ ಹಾಕಿಕೊಂಡು ನೋಡನೋಡುತ್ತಿದ್ದಂತೆ ಅಡಿಕೆ ಮರ ಏರುವುದನ್ನು ನೋಡಿಯೇ ಬೆಳೆದೆ. ಅಷ್ಟು ಸರಳವಾದದ್ದನ್ನು ಬಿಟ್ಟು ಇಲ್ಲಿ ಇಷ್ಟೆಲ್ಲ ಯಾಕೆ ಎಂದು ಊರಿನವರು ಕೇಳುತ್ತಾರೆ. ತಳೆ ಕೆಲಸ ಮಾಡುವುದು ಪಾದಗಳೆರಡೂ ಕಾಂಡವನ್ನು ಎರಡು ಬದಿಯಿಂದ ಅದುಮಿ ಹಿಡಿಯುವುದರಿಂದ. ಅಡಿಕೆಯ ಕಾಂಡ ಸಪೂರ, ಕೊಂಬೆಯಿಲ್ಲ. ತಬ್ಬಿದರೂ ಕೈ ಕೂಡದ ಓಕ್ ಮರಕ್ಕೆ ಆ ವಿದ್ಯೆ ಹತ್ತುವುದಿಲ್ಲ. ಏಡರ್‌ನಲ್ಲಿ ಹಿಡಿತ ಪಾದದ್ದಲ್ಲ, ಸ್ಟಿಕ್‌ನದು. ಆದರೆ ಕೊನೆಗೌಡರಿಂದ ಕಲಿಯಬೇಕಾದ್ದು ಒಂದಿದೆ. ಅವರು ಹತ್ತುವ ಮುಂಚೆ ತಳೆಯನ್ನು ನೆಲದಲ್ಲೇ ಜಗ್ಗಿ ನೋಡುತ್ತಿದ್ದರು, ದಿನಕ್ಕೆ ಎಷ್ಟು ಮರ ಹತ್ತಿದರೂ ಸರಿ.

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಇದು ಅಮೆರಿಕದ ಮಾತು. ಇಲ್ಲಿ ಪರವಾನಗಿ, ಸೀಸನ್, ಸಂಖ್ಯೆ ಎಲ್ಲಕ್ಕೂ ಕಟ್ಟುಪಾಡು ಇದೆ, ಮತ್ತು ಪರವಾನಗಿಯ ಹಣ ವನ್ಯಜೀವಿ ಇಲಾಖೆಗೆ ಹೋಗುತ್ತದೆ.

ಈಗ ನಿಮ್ಮ ಮನೆಯವರ ಭಯದ ವಿಚಾರ. ಅವರ ಭಯ ಸರಿಯಾದದ್ದು. ಸ್ಯಾಡಲ್‌ನಲ್ಲಿ ಕೂತಾಗ ಟೆದರ್ ಇರುತ್ತದೆ. ಹತ್ತುವಾಗ ಮತ್ತು ಇಳಿಯುವಾಗ ಮನುಷ್ಯ ಆತುರದಲ್ಲಿ ಅಥವಾ ಆಯಾಸದಲ್ಲಿ ಇರುತ್ತಾನೆ, ಏಡರ್ ಇರುವುದೇ ಆ ಹೊತ್ತಿಗೆ. ನೆಲ ಬಿಟ್ಟ ಕ್ಷಣದಿಂದ ಲೈನ್‌ಮನ್ ಬೆಲ್ಟ್ ಮರದ ಸುತ್ತ ಇರಲಿ. ಕೊಂಬೆ ಅಡ್ಡ ಬಂದರೆ ಮೊದಲು ಟೆದರನ್ನು ಕೊಂಬೆಯ ಮೇಲೆ ಕಟ್ಟಿ ಸಿಕ್ಕಿಸಿಕೊಂಡು, ಆಮೇಲೆ ಬೆಲ್ಟ್ ಬಿಚ್ಚಿ ಮೇಲೆ ಹಾಕಿ. ಎರಡರಲ್ಲಿ ಒಂದು ಸದಾ ನಿಮ್ಮನ್ನು ಹಿಡಿದಿರಬೇಕು. ಬೆಲ್ಟಿನ ಹಗ್ಗವನ್ನು ಸೊಂಟಕ್ಕಿಂತ ಮೇಲೇ ಇಟ್ಟುಕೊಂಡು ಹೋಗಿ. ಅದು ಮೊಣಕಾಲಿನ ಮಟ್ಟಕ್ಕೆ ಜೋತುಬಿದ್ದಿದ್ದರೆ ಏಡರ್‌ನಲ್ಲಿ ಕಾಲು ತಪ್ಪಿದಾಗ ಹಿಡಿಯುವುದಿಲ್ಲ, ಹಿಂದಕ್ಕೆ ಮಗುಚುತ್ತದೆ.

ಬಿಲ್ಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರು. ಅದಕ್ಕೆ ಮೊದಲು ಒಂದು ತಿಂಗಳು ಹಿತ್ತಲಿನ ಮರದಲ್ಲಿ ಅಭ್ಯಾಸ ಮಾಡಿ. ಮೊದಲ ವಾರ ಒಂದೇ ಸ್ಟಿಕ್, ಎರಡು ಮೆಟ್ಟಿಲಿನ ಏಡರ್, ಅಷ್ಟೇ. ಹತ್ತಿ, ಇಳಿಯಿರಿ. ಬೂಟು, ಜಾಕೆಟ್, ಬೆನ್ನ ಚೀಲ ಎಲ್ಲ ಹಾಕಿಕೊಂಡೇ ಮಾಡಿ. ಎರಡನೇ ವಾರ ಎರಡನೇ ಸ್ಟಿಕ್. ಮೂರನೇ ವಾರ ಕತ್ತಲಾದ ಮೇಲೆ, ಹೆಡ್‌ಲ್ಯಾಂಪ್ ಆರಿಸಿ ಇಳಿಯುವುದನ್ನು ಕಲಿಯಿರಿ. ಕಾಲು ನೋಡದೆ ಕುಣಿಕೆ ಸಿಗುವವರೆಗೆ ಮೇಲಿನ ಎರಡು ಸ್ಟಿಕ್ ಕಟ್ಟಬೇಡಿ. ನಿಮ್ಮ ಮನೆಯವರನ್ನು ಒಂದು ದಿನ ಕರೆದು ತೋರಿಸಿ. ಬೇಕೆಂದೇ ಎರಡು ಅಡಿ ಎತ್ತರದಲ್ಲಿ ಏಡರ್‌ನಿಂದ ಕಾಲು ತೆಗೆದು, ಬೆಲ್ಟ್ ಹೇಗೆ ಹಿಡಿಯುತ್ತದೆ ಎಂದು ಅವರ ಎದುರೇ ಮಾಡಿ. ನನ್ನ ಹೆಂಡತಿಗೆ ಧೈರ್ಯ ಬಂದದ್ದು ನನ್ನ ಮಾತಿನಿಂದಲ್ಲ, ಅದನ್ನು ನೋಡಿ. ಕಾಡಿಗೆ ಹೋದಾಗ ಮರ ಇರುವ ಜಾಗವನ್ನು ಫೋನಿನಲ್ಲಿ ಅವರಿಗೆ ಕಳುಹಿಸಿ, ನೆಲಕ್ಕೆ ಇಳಿದ ಮೇಲೆ ಒಂದು ಮೆಸೇಜು. ಎಷ್ಟು ಗಂಟೆಗೆ ಮೆಸೇಜು ಬಾರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಬರೆದು ಫ್ರಿಜ್ ಮೇಲೆ ಅಂಟಿಸಿ.

ಕೊಳ್ಳುವ ಮುಂಚೆ ನಿಮ್ಮ ಸ್ಟಿಕ್‌ನ ಕೈಪಿಡಿ ತೆರೆದು ಏಡರ್ ಬಗ್ಗೆ ತಯಾರಕರು ಏನು ಹೇಳಿದ್ದಾರೆ ಎಂದು ಓದಿ. ಅಳತೆ ಟೇಪು ಹಿಡಿದು ನಿಮ್ಮ ಎರಡು ಮೆಟ್ಟಿನ ಅಂತರ ನಿಜವಾಗಿ 17 ಇಂಚೇ ಎಂದು ನೋಡಿ, ಬೇರೆ ಇದ್ದರೆ ನನ್ನ ಲೆಕ್ಕದಲ್ಲಿ ಆ ಸಂಖ್ಯೆ ಹಾಕಿಕೊಳ್ಳಿ. ಏಡರ್‌ನ ಇಳಿವು ಕೂಡ ಅದಕ್ಕೆ ಸರಿಹೊಂದಲಿ. ಎಲ್ಲ ಹೆಜ್ಜೆಯೂ ಒಂದೇ ಅಂತರಕ್ಕೆ ಬಂದರೆ ಕತ್ತಲಲ್ಲಿ ಕಾಲಿಗೆ ಲೆಕ್ಕ ಸಿಗುತ್ತದೆ. ಮತ್ತೆ ಬೂಟು ಬದಲಿಸಿದ ವರ್ಷ ಕುಣಿಕೆಯನ್ನೂ ಮತ್ತೊಮ್ಮೆ ಅಳೆಯಿರಿ.